ವೈದ್ಯಕೀಯ ಕಾಲೇಜಿನಲ್ಲಿ ಎಐ ಪಾಠ: ಸರ್ಕಾರಿ ಅನುದಾನದ ಅರ್ಜಿ ಹೀಗೆ ಸಿದ್ಧಪಡಿಸಿ

"ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಕೃತಕ ಬುದ್ಧಿಮತ್ತೆ ಕಲಿಸುತ್ತೇವೆ, ಹಣ ಕೊಡಿ" ಎಂದಷ್ಟೇ ಬರೆದ ಅರ್ಜಿ ಮುಂದೆ ಸಾಗುವುದು ಕಷ್ಟ. ಅನುದಾನ ಸಂಸ್ಥೆಗಳ ಹಣ ಹೆಚ್ಚಾಗಿ ಸಂಶೋಧನೆಗೆ. ಪಾಠ ಮಾಡುವುದು ಕಾಲೇಜಿನದೇ ಕೆಲಸ. ಹಾಗಾಗಿ ಪಾಠವನ್ನೇ ಸಂಶೋಧನಾ ಪ್ರಶ್ನೆಯಾಗಿ ಮಾಡಿಕೊಳ್ಳಿ: 20 ಗಂಟೆಗಳ ತರಬೇತಿ ಪಡೆದ ವಿದ್ಯಾರ್ಥಿಗಳು, ಎದೆಯ ಎಕ್ಸ್‌ರೇ ಓದುವ ತಂತ್ರಾಂಶ ತಪ್ಪಿದಾಗ ಅದನ್ನು ಹಿಡಿಯುತ್ತಾರೆಯೇ? ಇದನ್ನು ಅಳೆಯಬಹುದು, ತರಬೇತಿ ಪಡೆಯದ ಬ್ಯಾಚಿನೊಂದಿಗೆ ಹೋಲಿಸಬಹುದು.

ಎಲ್ಲಿಗೆ ಅರ್ಜಿ ಹಾಕಬೇಕೆನ್ನುವುದು ಕಾಲೇಜು ಯಾರ ಅಡಿಯಲ್ಲಿದೆ ಎಂಬುದರ ಮೇಲೆ ನಿಂತಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಶೋಧನಾ ಅನುದಾನ ಅದರ ಸಂಯೋಜಿತ ಕಾಲೇಜುಗಳ ಅಧ್ಯಾಪಕರಿಗೆ. ಮಣಿಪಾಲ, ದೇರಳಕಟ್ಟೆಯ ಡೀಮ್ಡ್ ವಿಶ್ವವಿದ್ಯಾಲಯಗಳವರು ಬೇರೆ ದಾರಿ ನೋಡಬೇಕು. ಐಸಿಎಂಆರ್‌ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೊರಗಿನ ಸಂಸ್ಥೆಗಳಿಗೆ ಕೊಡುವ ಬಾಹ್ಯ ಅನುದಾನ ಇಬ್ಬರಿಗೂ ತೆರೆದಿದೆ. ಆದರೆ ಖಾಸಗಿ ಸಂಸ್ಥೆಯಾದರೆ ಡಿಎಸ್‌ಐಆರ್ (ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ) ಮಾನ್ಯತಾ ಪತ್ರ ಲಗತ್ತಿಸಬೇಕು. ಅದಕ್ಕೆ ಅವಧಿ ಇದೆ. ಪ್ರಸ್ತಾವನೆ ಬರೆಯಲು ಕೂರುವ ಮೊದಲೇ ಆಡಳಿತ ಕಚೇರಿಯಲ್ಲಿ ಆ ಪತ್ರದ ದಿನಾಂಕ ನೋಡಿ. ವಿದ್ಯಾರ್ಥಿಯೇ ಮಾಡುವ ಸಣ್ಣ ಅಧ್ಯಯನಕ್ಕೆ ಐಸಿಎಂಆರ್‌ನ ಎರಡು ತಿಂಗಳ ಎಸ್‌ಟಿಎಸ್ (ವಿದ್ಯಾರ್ಥಿಗಳ ಅಲ್ಪಾವಧಿ ಸಂಶೋಧನಾ ಯೋಜನೆ) ಸಾಕು. ಸುರತ್ಕಲ್‌ನ ಎನ್‌ಐಟಿಕೆಯಂಥ ಎಂಜಿನಿಯರಿಂಗ್ ಸಂಸ್ಥೆಯ ಅಧ್ಯಾಪಕರೊಬ್ಬರನ್ನು ಸಹ-ಸಂಶೋಧಕರಾಗಿ ಸೇರಿಸಿಕೊಂಡರೆ ತಾಂತ್ರಿಕ ಪ್ರಶ್ನೆಗಳಿಗೆ ಉತ್ತರ ಗಟ್ಟಿಯಾಗುತ್ತದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಇಂಡಿಯಾಎಐ ಮಿಷನ್‌ಗೆ 10,371.92 ಕೋಟಿ ರೂಪಾಯಿ ಒಪ್ಪಿದ್ದನ್ನು ಪೀಠಿಕೆಯಲ್ಲಿ ಉಲ್ಲೇಖಿಸಿ ಪುಟ ತುಂಬಿಸಬೇಡಿ. ನಿಮ್ಮ ಪಾಠಕ್ಕೆ ಹಣ ಏಕೆ ಬೇಕು ಎಂಬುದಕ್ಕೆ ಅದು ಉತ್ತರವಲ್ಲ.

ಪಾಠದಲ್ಲಿ ಏನಿದೆ ಎಂಬುದನ್ನು ಬಿಡಿಸಿ ತೋರಿಸಿದಷ್ಟೂ ಅರ್ಜಿಗೆ ಬಲ. ಒಂದು ತರಗತಿಯನ್ನಾದರೂ ಪೂರ್ತಿ ಬರೆಯಿರಿ. ಉದಾಹರಣೆಗೆ, ಕ್ಷಯ ಪತ್ತೆಯ ತಂತ್ರಾಂಶಕ್ಕೆ 90% ಸೆನ್ಸಿಟಿವಿಟಿ (ರೋಗವಿದ್ದವರನ್ನು ಹಿಡಿಯುವ ಪ್ರಮಾಣ), 90% ಸ್ಪೆಸಿಫಿಸಿಟಿ (ರೋಗವಿಲ್ಲದವರಿಗೆ ಇಲ್ಲವೆನ್ನುವ ಪ್ರಮಾಣ) ಎಂದಿಟ್ಟುಕೊಳ್ಳಿ. ಎದೆರೋಗ ವಿಭಾಗಕ್ಕೆ ಬಂದ 1,000 ಮಂದಿಯಲ್ಲಿ 200 ಮಂದಿಗೆ ಕ್ಷಯವಿದ್ದರೆ, 180 ಸರಿಯಾಗಿ ಸಿಗುತ್ತವೆ, 80 ಸುಳ್ಳು ಪಾಸಿಟಿವ್ (ರೋಗವಿಲ್ಲದವರಿಗೂ ಇದೆ ಎಂಬ ವರದಿ). ಅದೇ ತಂತ್ರಾಂಶವನ್ನು ಹಳ್ಳಿಯ ತಪಾಸಣಾ ಶಿಬಿರಕ್ಕೆ ಒಯ್ಯಿರಿ: 1,000ದಲ್ಲಿ 10 ಮಂದಿಗೆ ಮಾತ್ರ ಕಾಯಿಲೆ. ಆಗ 9 ಸಿಗುತ್ತವೆ, ಸುಳ್ಳು ಪಾಸಿಟಿವ್ 99. ಪಾಸಿಟಿವ್ ಬಂದ 108 ಮಂದಿಯಲ್ಲಿ 9 ಜನರಿಗಷ್ಟೇ ರೋಗ. ಈ ಲೆಕ್ಕವನ್ನು ವಿದ್ಯಾರ್ಥಿ ಕೈಯಾರೆ ಮಾಡಬೇಕು. ಕೋಡ್ ಬರೆಯಲು ಕಲಿಸುವುದಕ್ಕಿಂತ ಇದು ಮುಖ್ಯ. ಮುಂದೆ ಆ ವರದಿ ಹಿಡಿದು ರೋಗಿಗೆ ಮಾತು ಹೇಳಬೇಕಾದವರು ಅವರೇ.

ಅಭ್ಯಾಸಕ್ಕೆ ಮೊದಲ ವರ್ಷ ಸ್ವಂತ ಆಸ್ಪತ್ರೆಯ ಚಿತ್ರಗಳ ಗೋಜು ಬೇಡ. ಮಾಂಟ್‌ಗೊಮರಿ (138 ಚಿತ್ರಗಳು) ಮತ್ತು ಶೆನ್‌ಜೆನ್ (662) ಎಂಬ ಮುಕ್ತ ಎಕ್ಸ್‌ರೇ ಸಂಗ್ರಹಗಳಿವೆ, ಸಾಧಾರಣ ಲ್ಯಾಪ್‌ಟಾಪ್‌ಗೆ ಸಾಲುತ್ತವೆ. ಶೆನ್‌ಜೆನ್‌ನ 662ರಲ್ಲಿ 336 ಕ್ಷಯದವು, ಅಂದರೆ ಅರ್ಧಕ್ಕಿಂತ ಹೆಚ್ಚು. ಇಂಥ ಸಂಗ್ರಹದಲ್ಲಿ ಚೆನ್ನಾಗಿ ಕಂಡ ಫಲಿತಾಂಶ ಶಿಬಿರದಲ್ಲಿ ಏಕೆ ಕುಸಿಯುತ್ತದೆ ಎಂಬುದು ಮೇಲಿನ ಲೆಕ್ಕದಿಂದಲೇ ಅರ್ಥವಾಗುತ್ತದೆ. ಸ್ವಂತ ಚಿತ್ರಗಳು ಬೇಕೇ ಬೇಕೆಂದರೆ, ಡೈಕಾಮ್ (ವೈದ್ಯಕೀಯ ಚಿತ್ರಗಳ ಫೈಲ್ ನಮೂನೆ) ಹೆಡರ್‌ನಲ್ಲಿನ ಹೆಸರು ಅಳಿಸಿದರೆ ಮುಗಿಯಲಿಲ್ಲ. ಅಲ್ಟ್ರಾಸೌಂಡ್ ಪರದೆಯ ಮೂಲೆಯಲ್ಲಿ, ಸ್ಕ್ಯಾನ್ ಮಾಡಿದ ಹಳೆಯ ಫಿಲ್ಮಿನ ಅಂಚಿನಲ್ಲಿ ಹೆಸರು ಚಿತ್ರದೊಳಗೇ ಅಚ್ಚಾಗಿರುತ್ತದೆ. ಫೈಲಿನ ಹೆಸರಿನಲ್ಲಿ ಆಸ್ಪತ್ರೆ ಸಂಖ್ಯೆಯೂ ಉಳಿದಿರುತ್ತದೆ. ಒಂದೊಂದನ್ನೂ ಕಣ್ಣಿಂದ ನೋಡಲು ಜನ ಬೇಕು. ಆ ಕೆಲಸಕ್ಕೆ ಬಜೆಟ್ಟಿನಲ್ಲಿ ಸಂಬಳ ತೋರಿಸಿ.

ಬಜೆಟ್ ಎಡವುವುದು ಸಾಮಾನ್ಯವಾಗಿ ಇಲ್ಲೇ. ದುಬಾರಿ ಜಿಪಿಯು (ಎಐ ಲೆಕ್ಕಾಚಾರಕ್ಕೆ ಬಳಸುವ ಚಿಪ್) ಸರ್ವರ್ ಕೇಳಿ, ಅದನ್ನು ನಡೆಸುವವರ ಸಂಬಳ ಬಿಟ್ಟಿರುತ್ತಾರೆ. 40 ವಿದ್ಯಾರ್ಥಿಗಳ ಬ್ಯಾಚಿಗೆ ಇಬ್ಬರಿಗೊಂದರಂತೆ 20 ಲ್ಯಾಪ್‌ಟಾಪ್, ಒಬ್ಬ ಪ್ರಾಜೆಕ್ಟ್ ಸಿಬ್ಬಂದಿ, ಅಂಕಿಅಂಶ ತಜ್ಞರ ಸಮಯ, ಅಧ್ಯಾಪಕರ ತರಬೇತಿ: ನಮ್ಮ ಅಭಿಪ್ರಾಯದಲ್ಲಿ ಹಣದ ದೊಡ್ಡ ಪಾಲು ಜನರಿಗೇ ಹೋಗಬೇಕು. ಕಾಲೇಜಿನಲ್ಲಿ ಈಗಾಗಲೇ ಇರುವ ಕಂಪ್ಯೂಟರ್ ಲ್ಯಾಬನ್ನು ಸಂಸ್ಥೆಯ ಕೊಡುಗೆಯೆಂದು ತೋರಿಸಿದರೆ ಕೇಳುವ ಮೊತ್ತ ಇಳಿಯುತ್ತದೆ.

ವಿದ್ಯಾರ್ಥಿಗಳ ಅಂಕಗಳನ್ನು ಅಧ್ಯಯನಕ್ಕೆ ಬಳಸುವುದಾದರೆ ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಪಾಠ ಮಾಡುವವರೇ ಸಮ್ಮತಿ ಪತ್ರಕ್ಕೆ ಸಹಿ ಕೇಳಿದರೆ ವಿದ್ಯಾರ್ಥಿ ಬೇಡವೆನ್ನಲು ಹಿಂಜರಿಯುತ್ತಾನೆ. ಬೇರೆ ವಿಭಾಗದವರು ಕೇಳಲಿ, ಇಂಟರ್ನಲ್ ಅಂಕಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಪತ್ರದಲ್ಲೇ ಬರೆದಿರಲಿ. ಎಐ ಬಳಕೆಗಾಗಿ ಐಸಿಎಂಆರ್ 2023ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಯ ಯಾವ ಅಂಶವನ್ನು ಹೇಗೆ ಪಾಲಿಸುತ್ತೀರಿ ಎಂಬುದನ್ನೂ ಸೇರಿಸಿ.

ಕೇಂದ್ರದ ಹಣ ಬಂದ ಮೇಲೆ ಲೆಕ್ಕ ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 2017ರ ಪ್ರಕಾರ. ಬಳಕೆ ಪ್ರಮಾಣಪತ್ರ 12-ಎ ನಮೂನೆಯಲ್ಲಿ. ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ, ಕಾಲೇಜಿನ ಕ್ಯಾಲೆಂಡರಿಗೆ ಅದು ಹೊಂದುವುದಿಲ್ಲ; ಖರೀದಿ ಆದೇಶವನ್ನು ಡಿಸೆಂಬರ್ ಒಳಗೆ ಮುಗಿಸಿ. ಅನುದಾನದ ಮೇಲೆ ಬಂದ ಬ್ಯಾಂಕ್ ಬಡ್ಡಿ ಸರ್ಕಾರಕ್ಕೆ ವಾಪಸ್ ಹೋಗಬೇಕು. ಅನುದಾನಕ್ಕೆ ಪ್ರತ್ಯೇಕ ಖಾತೆ ಇಟ್ಟರೆ ಲೆಕ್ಕಪತ್ರ ವಿಭಾಗಕ್ಕೆ ಬಡ್ಡಿಯನ್ನು ಬೇರ್ಪಡಿಸುವ ತಲೆನೋವು ಇರುವುದಿಲ್ಲ, ಮುಂದಿನ ಕಂತೂ ಆ ಕಾರಣಕ್ಕೆ ನಿಲ್ಲುವುದಿಲ್ಲ.