ಹೊಲದಲ್ಲಿ ಮೂರೇ ಪ್ರಯೋಗ: ಪುಟ್ಟ ಮಕ್ಕಳ ವಿಜ್ಞಾನ ಪಾಠ, ನನ್ನ ಅನುಭವ

ನಾಲ್ಕನೇ, ಐದನೇ ತರಗತಿಯ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುವಾಗ ಮೂರೇ ಪ್ರಯೋಗ ಇಟ್ಟುಕೊಳ್ಳುತ್ತೇನೆ. ಉದ್ದದ ಪಟ್ಟಿ ಕೈಗೆ ಕೊಟ್ಟರೆ ಮಕ್ಕಳು ಅದನ್ನು ತುಂಬಿಸುತ್ತಾರೆ, ಗಿಡದ ಕಡೆ ನೋಡುವುದಿಲ್ಲ. ಐದೈದು ಮಕ್ಕಳ ಗುಂಪು, ಗುಂಪಿಗೊಬ್ಬ ದೊಡ್ಡವರು. ಮುಂಚೆಯೇ ಹೋಗಿ ರೈತರಲ್ಲಿ ಎರಡು ವಿಷಯ ಕೇಳಿಕೊಂಡು ಬರುತ್ತೇನೆ: ಔಷಧಿ ಯಾವಾಗ ಹೊಡೆದಿದ್ದು, ಯಾವ ಸಾಲಿನಲ್ಲಿ ಅಗೆಯಬಹುದು. ಔಷಧಿ ಹೊಡೆದು ಹೆಚ್ಚು ದಿನ ಆಗಿಲ್ಲವೆಂದರೆ ಆ ಹೊಲವೇ ಬೇಡ.

ಹೋದ ತಕ್ಷಣ ಮೊದಲ ಕೆಲಸ ಪ್ಲಾಸ್ಟಿಕ್ ಚೀಲ ಕಟ್ಟುವುದು, ಏಕೆಂದರೆ ಅದಕ್ಕೆ ಎರಡು ತಾಸು ಬೇಕು. ಬಿಸಿಲಿಗಿರುವ ಒಂದು ರೆಂಬೆಗೆ ಎಲೆ ಸಮೇತ ಪಾರದರ್ಶಕ ಚೀಲ ಹಾಕಿ ಬಾಯಿ ಬಿಗಿಯುತ್ತೇವೆ. ಎಲೆ ತರಿದ ಇನ್ನೊಂದು ರೆಂಬೆಗೂ ಅಂಥದೇ ಚೀಲ. ಇಬ್ಬನಿ ಇದ್ದರೆ ಎಲೆಯನ್ನು ಬಟ್ಟೆಯಿಂದ ಒರೆಸಲೇಬೇಕು, ಇಲ್ಲದಿದ್ದರೆ ಪ್ರಯೋಗವೇ ಸುಳ್ಳಾಗುತ್ತದೆ. ಎಲೆಯಿದ್ದ ಚೀಲದಲ್ಲಿ ಹನಿ ಕಟ್ಟಿದಾಗ ‘ಬಿಸಿಲಿಗೆ ಚೀಲ ಬೆವರಿದೆ’ ಎನ್ನುವ ಮಗು ಇದ್ದೇ ಇರುತ್ತದೆ. ಉತ್ತರ ನಾನು ಹೇಳುವುದಿಲ್ಲ, ಎರಡನೇ ಚೀಲ ತೋರಿಸುತ್ತೇನೆ. ಎಲೆಯಿಲ್ಲದ ಅದರಲ್ಲಿ ಹನಿ ಅಷ್ಟಾಗಿ ಇರುವುದಿಲ್ಲ, ನೀರು ಬಿಟ್ಟಿದ್ದು ಎಲೆಯೇ ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಹೊರಡುವ ಮುನ್ನ ಎರಡನ್ನೂ ಬಿಚ್ಚಬೇಕು, ಇಲ್ಲದಿದ್ದರೆ ಒಳಗಿನ ಎಲೆ ಬೆಂದುಹೋಗುತ್ತದೆ.

ನಡುವಿನ ಹೊತ್ತು ಬೇರಿಗೆ. ಅಲಸಂದೆ ಅಥವಾ ಶೇಂಗಾ ಗಿಡ, ಅದೂ ಹೂ ಬಿಟ್ಟ ಹಂತದ್ದು. ಕೈಯಿಂದ ಕಿತ್ತರೆ ಬೇರಿಗೆ ಅಂಟಿಕೊಂಡಿರುವ ಪುಟ್ಟ ಗಂಟುಗಳೆಲ್ಲ ಮಣ್ಣಿನಲ್ಲೇ ಉಳಿಯುತ್ತವೆ. ಬುಡದಿಂದ ಒಂದು ಗೇಣು ದೂರ ಸುತ್ತಲೂ ಗುದ್ದಲಿ ಹಾಕಿ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಮಣ್ಣು ತಾನಾಗಿ ಕಳಚುತ್ತದೆ. ಪಕ್ಕದಲ್ಲಿ ಮೆಕ್ಕೆಜೋಳದ ಬೇರು ಇಟ್ಟರೆ ತಾಯಿಬೇರು, ತಂತುಬೇರಿನ ಪಾಠ ಬೇರೆ ಮಾಡಬೇಕಿಲ್ಲ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣ ಕಂಡರೆ ಅಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿದೆ ಎಂದರ್ಥ. ಆ ಬಣ್ಣ ಲೆಗ್‌ಹೀಮೋಗ್ಲೋಬಿನ್‌ನದು, ನಮ್ಮ ರಕ್ತದ ಹೀಮೋಗ್ಲೋಬಿನ್‌ನ ನೆಂಟ. ಇದನ್ನು ಹೇಳಿದಾಗ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು! ಒಳಗೆ ಹಸಿರು ಅಥವಾ ಕಂದು ಇದ್ದರೆ ಆ ಗಂಟಿನ ಕೆಲಸ ಮುಗಿದಿದೆ. ಯೂರಿಯಾ ಹೆಚ್ಚು ಬಿದ್ದ ಹೊಲದಲ್ಲಿ ಗಂಟೇ ವಿರಳ. ಪುಕ್ಕಟೆ ಸಾರಜನಕ ಸಿಗುವಾಗ ಗಿಡ ಬ್ಯಾಕ್ಟೀರಿಯಾವನ್ನು ಸಾಕುವುದಿಲ್ಲ. ಭೂತಗನ್ನಡಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಬೇರನ್ನು ಅದರ ಬಳಿಗೆ ತರುವುದನ್ನು ಕ್ಲಾಸಿನಲ್ಲೇ ಕಲಿಸಿರಬೇಕು. ಕೈತೊಳೆಯಲು ಸೋಪು ಮರೆಯಬಾರದು.

ಮೂರನೆಯದು ಮಣ್ಣು, ಅದು ಶಾಲೆಗೆ ಬಂದ ಮೇಲೆ. ಹೆಂಟೆ ಒಡೆದು ಕಲ್ಲು, ಕಸ ಆರಿಸಿದ ಮಣ್ಣನ್ನು ನೇರ ಗೋಡೆಯ ಬಾಟಲಿಗೆ ಮೂರನೇ ಒಂದು ಭಾಗ ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟು ನೀರು ತುಂಬಿ, ಚಿಟಿಕೆ ಬಟ್ಟೆಸೋಪಿನ ಪುಡಿ ಸೇರಿಸಿ ಐದು ನಿಮಿಷ ಕುಲುಕಬೇಕು. ಪುಡಿ ಹಾಕದಿದ್ದರೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಪದರಗಳು ಬೆರೆಯುತ್ತವೆ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಗೋಡಿಗೆ (ಮರಳಿಗಿಂತ ನಯವಾದ, ಜೇಡಿಗಿಂತ ದಪ್ಪ ಕಣ) ಕೆಲವು ತಾಸು, ಜೇಡಿಗೆ ಒಂದು ದಿನ ಅಥವಾ ಇನ್ನೂ ಹೆಚ್ಚು. ಮರುದಿನ ಸ್ಕೇಲ್ ಹಿಡಿದು ಅಳೆಯುತ್ತಾರೆ: ಒಟ್ಟು ಮಣ್ಣು 10 ಸೆಂ.ಮೀ., ಮರಳು 6 ಸೆಂ.ಮೀ. ಆದರೆ ಎಷ್ಟು ಪಾಲು? ಗಣಿತದ ಪೀರಿಯಡ್ ಕೂಡ ಅದರಲ್ಲೇ ಮುಗಿಯುತ್ತದೆ.