ಬಯಲಲ್ಲೇ ಬಿಗಿದ ಮುಚ್ಚಿಗೆ: ವೈನ್ ಪೀಪಾಯಿಯಿಂದ ತೈಕೋ ಮಾಡಿದ ನನ್ನ ಅನುಭವ

ಜಪಾನಿನ ಡೋಲು ತೈಕೋಗೆ ಗ್ಯಾರೇಜಿನಲ್ಲಲ್ಲ, ಬಯಲಲ್ಲಿ ತೊಗಲಿನ ಮುಚ್ಚಿಗೆ ಬಿಗಿಯುತ್ತೇನೆ ಅಂದಾಗ ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. ತೀರ್ಥಹಳ್ಳಿಯ ಗೆಳೆಯನಂತೂ "ಗಾಳಿ ಬಿಸಿಲಿಗೆ ತಂದ್ರೆ ತೊಗಲು ಹಪ್ಪಳ ಆಗ್ತದೆ ಮಾರಾಯ" ಅಂದ. ಕಳೆದ ತಿಂಗಳು ಅದೇ ತೈಕೋದ ದನಿ ಪಾರ್ಕಿನ ಆಚೆ ತುದಿ ಮುಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಕಿವಿ ತೆರೆಸಿದ್ದು ಸ್ಯಾನ್ ಫ್ರಾನ್ಸಿಸ್ಕೋದ ವೇವ್ ಆರ್ಗನ್, ಸಮುದ್ರದ ಅಲೆಗಳೇ ನುಡಿಸುವ ವಾದ್ಯ. ಪೀಟರ್ ರಿಚರ್ಡ್ಸ್ 1986ರಲ್ಲಿ ಮಾಡಿದ್ದು. ಕೊಲ್ಲಿಯೊಳಕ್ಕೆ ಚಾಚಿದ ಕಲ್ಲುದಂಡೆಯ ಮೇಲೆ, ಕಿತ್ತ ಹಳೇ ಸ್ಮಶಾನದ ಕಲ್ಲುಗಳ ನಡುವೆ, ಪಿವಿಸಿ ಮತ್ತು ಕಾಂಕ್ರೀಟಿನ 25 ಕೊಳವೆಗಳು. ಮೊದಲ ಸಲ ಇಳಿತದ ಹೊತ್ತಿಗೆ ಹೋಗಿ ಏನೂ ಕೇಳಿಸದೆ ವಾಪಸು ಬಂದಿದ್ದೆ. ಎರಡನೇ ಸಲ ಉಬ್ಬರದ ವೇಳೆ ನೋಡಿಕೊಂಡು ಹೋಗಿ ಕೊಳವೆಯ ಬಾಯಿಗೆ ಕಿವಿಯಿಟ್ಟು ಕೂತೆ. ಬಾವಿಯಲ್ಲಿ ಕೊಡ ಮುಳುಗುವಾಗಿನ ಗುಳುಗುಳು, ಅದರಡಿ ಇನ್ನೊಂದು ದಪ್ಪ ಉಸಿರು. ಎರಡು ಹೆಜ್ಜೆ ಹಿಂದೆ ಸರಿದರೆ ಆ ಉಸಿರು ಮಾಯ. ಬಯಲು ದನಿಯನ್ನು ಎಷ್ಟು ಬೇಗ ನುಂಗುತ್ತದೆ ಅನ್ನುವುದು ಅಲ್ಲಿ ಗೊತ್ತಾಯಿತು.

ಅದೇ ಬೇಸಿಗೆ ಸ್ಯಾನ್ ಹೋಸೆಯ ಜಪಾನ್‌ಟೌನಿನಲ್ಲಿ ಓಬೋನ್, ಹಿರಿಯರನ್ನು ನೆನೆಯುವ ಜಪಾನೀ ಹಬ್ಬ. ಒಂದು ಬೀದಿ ಆಚೆ ಕಾರು ನಿಲ್ಲಿಸುವಾಗಲೇ ತೈಕೋ ಎದೆಗೂಡಿಗೆ ಬಂದು ತಾಗಿತು. ಮಲೆನಾಡಿನ ಸಾಗರ ಊರಿನಲ್ಲಿ ಡೊಳ್ಳು ಕೇಳುತ್ತ ಬೆಳೆದವನಿಗೆ ಅಷ್ಟು ಸಾಕಾಯಿತು. ಮುಂದಿನ ವಾರವೇ ಕಲಿಯಲು ಸೇರಿದೆ.

ಒಂದೇ ಮರದ ದಿಮ್ಮಿ ಕೊರೆದ ಜಪಾನಿನ ತೈಕೋಗೆ ಸಾವಿರಾರು ಡಾಲರ್. ಲಾಸ್ ಏಂಜಲೀಸಿನ ಕಿನ್ನರ ತೈಕೋ ಗುಂಪಿನವರು (ಹೌದು, ನಮ್ಮ ಕಿನ್ನರರ ಹೆಸರೇ) ಹಿಂದೆಯೇ ವೈನ್ ಪೀಪಾಯಿಯಿಂದ ತೈಕೋ ಮಾಡುವ ದಾರಿ ಹಾಕಿಕೊಟ್ಟಿದ್ದಾರೆ. ಹಳೇ ಪೀಪಾಯಿ ಸುಮಾರು 75 ಡಾಲರಿಗೆ ಸಿಕ್ಕಿತು. ಅಂಟು ಹಾಕುವ ಮೊದಲೇ ಕಬ್ಬಿಣದ ಪಟ್ಟಿಗಳನ್ನೆಲ್ಲ ಬಿಚ್ಚಿದೆ. ಓಕ್ ಹಲಗೆಗಳು ಬಾಳೆಎಲೆ ಕಟ್ಟು ಬಿಚ್ಚಿದ ಹಾಗೆ ನೆಲದ ಮೇಲೆ ಹರಡಿಕೊಂಡವು.

ಎರಡನೇ ಪೀಪಾಯಿಗೆ ಒಂದೊಂದೇ ಪಟ್ಟಿ ಸಡಿಲಿಸಿ ಅಂಟಿಸಿದೆ. ಮುಚ್ಚಿಗೆ ಗ್ಯಾರೇಜಿನಲ್ಲೇ ಬಿಗಿದು ಮೊಳೆ ಹೊಡೆದೆ. ಒಳಗೆ ಗುಡುಗು! ಹೊರಗೆ ತಂದರೆ ಬಕೆಟ್ ಬಡಿದ ಸದ್ದು. ಅಷ್ಟು ದಿನ ಮೊಳಗಿದ್ದು ಗ್ಯಾರೇಜಿನ ಗೋಡೆ. ಮೊಳೆ ಹೊಡೆದ ತೈಕೋವನ್ನು ಆಮೇಲೆ ಶ್ರುತಿ ಮಾಡಲು ಬರುವುದಿಲ್ಲ. ಮೃದಂಗದ ಎಡಕ್ಕೆ ಹಾಕುವಂತೆ ರವೆ ಕಲಸಿ ನಡುವೆ ಮೆತ್ತಿದೆ: ದನಿ ಚೆನ್ನಾಗಿ ಕೆಳಗಿಳಿಯಿತು, ಆದರೆ ಬಾಚಿಯ (ತೈಕೋ ಬಡಿಯುವ ಕೋಲು) ನಾಲ್ಕು ಏಟಿಗೆ ರವೆ ಹಾರಿಹೋಯಿತು. ತಮಟೆಯ ಹಾಗೆ ಬೆಂಕಿಗೆ ಕಾಯಿಸಿದೆ: ಹತ್ತು ನಿಮಿಷ ಖಣಖಣ, ಆಮೇಲೆ ಮತ್ತೆ ಬಕೆಟ್. ಮೊಳೆ ಕಿತ್ತು ಬಿಗಿಯಲು ಹೋದಾಗ ತೂತುಗಳಲ್ಲೇ ತೊಗಲು ಹರಿಯಿತು. ಎರಡೂ ಮುಖ ಸೇರಿ 350 ಡಾಲರ್ ನೀರಿಗೆ.

ಮೂರನೇ ಸಲ ಅದೇ ಒಡಲು, ಹೊಸ ತೊಗಲು. ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಆರಕ್ಕೆ ಮಂಜಿನಲ್ಲಿ ಹಿತ್ತಲಿಗೆ ತಂದೆ. ಹಗ್ಗ ಕಟ್ಟಿ, ಅಡಿಯಲ್ಲಿ ನಾಲ್ಕು ಕಾರ್ ಜಾಕ್ ಇಟ್ಟು ಎತ್ತುತ್ತ ಹೋದೆ. ನಡುನಡುವೆ ಕಾಲುಚೀಲ ಹಾಕಿಕೊಂಡು ಮುಚ್ಚಿಗೆಯ ಮೇಲೆ ನಿಂತು ತುಳಿದೆ. ಒಣಗದ ಹಾಗೆ ಒದ್ದೆ ಟವೆಲ್. ನಲವತ್ತು ಹೆಜ್ಜೆ ದೂರದಲ್ಲಿ, ಬೇಲಿ ಹತ್ತಿರ ಹೆಂಡತಿ. "ದನಿ ಇನ್ನೂ ಇಲ್ಲಿಗೆ ಬರ್ತಿಲ್ಲ ರೀ" ಅಂದಾಗಲೆಲ್ಲ ಜಾಕ್ ಇನ್ನೊಂದು ಸುತ್ತು. ಹತ್ತಿರ ನಿಂತ ನನಗೆ ಕರ್ಕಶವಾಗಿತ್ತು, ಗ್ಯಾರೇಜಿನಲ್ಲಾಗಿದ್ದರೆ ಯಾವಾಗಲೋ ನಿಲ್ಲಿಸಿಬಿಡುತ್ತಿದ್ದೆ. ಅವಳು ಕೈ ಎತ್ತಿದ ಮೇಲೂ ಎರಡು ಸುತ್ತು ಹೆಚ್ಚು ಎಳೆದೆ, ಒಣಗುವಾಗ ಸ್ವಲ್ಪ ಬಿಟ್ಟುಕೊಡುತ್ತದೆ. ಮೊಳೆ ಯಾವ ಹದದಲ್ಲಿ ಹೊಡೆದೆ, ನೆನೆಸುವ ನೀರಿಗೆ ಏನು ಬೆರೆಸಿದೆ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕೆಟ್ಟದ್ದೂ ಸೇರಿ ಒಟ್ಟು ಖರ್ಚು ಹತ್ತಿರ ಹತ್ತಿರ 1,100 ಡಾಲರ್. ಹಪ್ಪಳ ಅಂದಿದ್ದ ಗೆಳೆಯ ಮೊನ್ನೆ ತನ್ನ ಪೀಪಾಯಿಯನ್ನೂ ನಮ್ಮ ಹಿತ್ತಲಲ್ಲಿ ತಂದು ಇಳಿಸಿದ್ದಾನೆ.