ಒಣ ಸಿಗಡಿ ಹೊತ್ತುಕೊಂಡು ಕಲಬುರಗಿಗೆ

ಕಲಬುರಗಿಯಲ್ಲಿ ಹುಟ್ಟಿ ಬೆಳೆದ ನನಗೆ ಮೀನು ಅಂದ್ರೆ ಭೀಮಾ ನದಿಯ ಮೀನೇ. ಸಮುದ್ರ ನೋಡಿದ್ದು ಮೂವತ್ತು ದಾಟಿದ ಮೇಲೆ. ಅದೂ ಮೊದಲ ಸಲ ಹೋಗಿದ್ದು ಜೂನ್‌ನಲ್ಲಿ! ಇಲ್ಲಿಯ ಬೇಸಿಗೆ ಸಾಕಾಗಿ, ರಜೆ ಸಿಕ್ಕಿದ್ದೇ ತಡ, ಮಲ್ಪೆಗೆ ಓಡಿದೆ. ನೋಡಿದರೆ ಬೋಟುಗಳೆಲ್ಲ ಬಂದರಿನಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿವೆ, ಮಳೆಗಾಲದ ಕಡಲಿಗೆ ಜನ ಇಳಿಯದಂತೆ ಬೀಚಿನುದ್ದಕ್ಕೂ ಬಲೆ ಕಟ್ಟಿದ್ದಾರೆ, ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗೋಣ ಅಂದ್ರೆ ಅದೂ ಬಂದ್. ಜೂನ್ 1ರಿಂದ ಜುಲೈ 31ರವರೆಗೆ, ಅಂದ್ರೆ 61 ದಿನ, ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅದು. 10 ಅಶ್ವಶಕ್ತಿಯೊಳಗಿನ ಮೋಟಾರಿನ ನಾಡದೋಣಿಗಳಿಗೆ ಮಾತ್ರ ಅವಕಾಶ. 'ಸೀ ವ್ಯೂ' ಅಂತ ಬುಕ್ ಮಾಡಿದ ರೂಮಿನ ಕಿಟಕಿ ತೆಗೆದರೆ ಪಕ್ಕದ ಮನೆಯ ನೀರಿನ ಟ್ಯಾಂಕು ಕಾಣುತ್ತಿತ್ತು, ಅದು ಬೇರೆ ಕಥೆ.

ಎರಡನೇ ಸಲ ನವೆಂಬರ್‌ನಲ್ಲಿ ಹೋದೆ. ರಾತ್ರಿ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾ. ಕಾರು ಬೇಡ ಅಂತ ನನ್ನ ಅಭಿಪ್ರಾಯ. ಬಸ್ಸಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರನ್ನು ಮಾತಾಡಿಸಿದರೆ ಸಾಕು, ಯಾವ ದಂಡೆಗೆ ಎಷ್ಟು ಹೊತ್ತಿಗೆ ಹೋಗಬೇಕು ಅಂತ ತಾವೇ ಹೇಳ್ತಾರೆ.

ಮಲ್ಪೆಯಲ್ಲಿ ಕಲಿತ ಮೀನಿನ ಹೆಸರುಗಳನ್ನು ತೋರಿಸಿಕೊಳ್ಳೋಕೆ ಅಂಕೋಲಾ ಮಾರ್ಕೆಟ್‌ನಲ್ಲಿ "ಅಂಜಲ್ ಇದೆಯಾ?" ಅಂದೆ. "ಇಸವಣ ಅನ್ನಿ" ಅಂತ ನಕ್ಕರು. ಅಲ್ಲಿ ಬೂತಾಯಿ ಅಂದದ್ದು ಇಲ್ಲಿ ತಾರ್ಲೆ, ಕಾಣೆ ಅಂದದ್ದು ನೊಗ್ಲಿ. ಎರಡೂ ಕಡೆ ಅದೇ ಹೆಸರಿರುವ ಬಂಗಡೆ ಒಂದೇ ನನ್ನ ಮಾನ ಉಳಿಸಿದ್ದು.

ಮರುದಿನ ನಸುಕಿನಲ್ಲಿ ಬೇಲಂಬರ ಕಡೆ ಹೋದಾಗ ದಂಡೆಯಲ್ಲಿ ಎಂಡಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಅರ್ಧ ಸುತ್ತು ಬಲೆ ಬಿಟ್ಟು ಬಂದು, ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯೋದು. ಸುಮ್ನೆ ನಿಂತು ಫೋಟೊ ಹೊಡೆಯುತ್ತಿದ್ದ ನನ್ನ ಕೈಗೂ ಹಗ್ಗ ಕೊಟ್ಟರು. ಹತ್ತು ನಿಮಿಷಕ್ಕೆ ಅಂಗೈ ಕೆಂಪಾಯಿತು, ಇನ್ನೂ ಅರ್ಧ ಗಂಟೆ ಎಳೆಯೋದು ಬಾಕಿ ಇತ್ತು. ಬಂದದ್ದು ಎರಡು ಬುಟ್ಟಿ ಸಣ್ಣ ಮೀನು ಅಷ್ಟೇ. ಹಿಂದೆ ಊರಿಗೆ ಊರೇ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿ ಬಲೆಗಳಿದ್ದವಂತೆ. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ಬೋಟುಗಳು ಬಂದು, ಮೀನಿನ ಹಿಂಡನ್ನು ಕಡಲಲ್ಲೇ ಸುತ್ತಿ ಹಿಡಿಯತೊಡಗಿದ ಮೇಲೆ ದಡಕ್ಕೆ ಬರೋದೇನು, ಅಲ್ವಾ? ಇದನ್ನು ಹೇಳಿದ ಅಜ್ಜನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಆಮೇಲೆ ಗೋಕರ್ಣ. ಜನ ಜಾಸ್ತಿ, ಬೇಗ ಬಿಟ್ಟೆ. ಸಾಣಿಕಟ್ಟಾದ ಉಪ್ಪಿನ ಗದ್ದೆ ನೋಡಿಕೊಂಡು ತದಡಿ ಬಂದರಿಗೆ ಬಂದು, ಅಲ್ಲಿಂದ ದೋಣಿಯಲ್ಲಿ ನದಿ ದಾಟಿ ಅಘನಾಶಿನಿ ಊರು ಸೇರಿದೆ. ಈ ದೋಣಿಯಲ್ಲಿ ಬೈಕನ್ನೂ ಹತ್ತಿಸ್ತಾರೆ! ಇಡೀ ಪ್ರವಾಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ಸ್ವಲ್ಪ ಹೊತ್ತಿನ ಪಯಣ. ಅಲ್ಲಿಂದ ಕುಮಟಾ, ಮತ್ತೆ ಬಸ್ಸು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ಬಸ್ಸಿನಿಂದ ಎರಡೂ ಕಾಣಬೇಕು ಅಂದ್ರೆ ನಿಂತುಕೊಂಡೇ ಹೋಗಿ.

ವಾಪಸ್ ಬರುವಾಗ ಒಂದು ಕಿಲೋ ಒಣ ಸಿಗಡಿ ತಂದೆ. ಮೂರು ಪ್ಲಾಸ್ಟಿಕ್ ಕವರ್ ಸುತ್ತಿದರೂ ಹುಬ್ಬಳ್ಳಿ ದಾಟುವಷ್ಟರಲ್ಲಿ ಕಂಡಕ್ಟರ್ ಮೂಗು ಮುಚ್ಚಿಕೊಂಡು "ಏನ್ರೀ ಅದು?" ಅಂದ. ಚೀಲ ಡಿಕ್ಕಿಗೆ ಹೋಯಿತು. ಮುಚ್ಚಳ ಬಿಗಿಯಾಗಿರುವ ಸ್ಟೀಲ್ ಡಬ್ಬಿ ಒಯ್ಯಿರಿ. ಮನೆಯಲ್ಲಿ ಅವ್ವ ಮೊದಲ ದಿನ ಅದನ್ನು ಅಂಗಳದಾಚೆಗೇ ಇಡಿಸಿದಳು. ಎರಡನೇ ದಿನ ಹುರಿದು, ಒಣ ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಶೇಂಗಾ ಹಿಂಡಿ ಕುಟ್ಟಿದ ಹಾಗೇ ಕುಟ್ಟಿದಳು. ಬಿಸಿ ಜೋಳದ ರೊಟ್ಟಿ ಜತೆ ನಾಲ್ಕು ದಿನವೂ ಬರಲಿಲ್ಲ.